ಕೆಂಪು ಕಮಾನಿನ ಈಚೆ

ನಮ್ಮ ಮನೆಯಲ್ಲಿ ಮಕ್ಕಳನ್ನು ಹೆಸರು ಹಿಡಿದು ಕೂಗಿ ಎಬ್ಬಿಸುವ ಪದ್ಧತಿ ಇರಲಿಲ್ಲ. ಅಜ್ಜಿ ತಾವು ಸ್ನಾನಕ್ಕೆ ಹೋಗುವ ಮೊದಲು ನಲ್ಲಿಯ ತಣ್ಣೀರಿನಲ್ಲಿ ಅಂಗೈ ಅದ್ದಿ ತಂದು ನನ್ನ ಕತ್ತಿನ ಹಿಂಭಾಗಕ್ಕೆ ಒತ್ತುತ್ತಿದ್ದರು. ನ್ಯೂಯಾರ್ಕಿನ ಜನವರಿಯಲ್ಲಿ ನಲ್ಲಿಯ ನೀರು ಹೇಗಿರುತ್ತದೆಂದು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸ್ನಾನವಾದ ಮೇಲೆ ಅವರು ಮಡಿ, ನಮ್ಮನ್ನು ಮುಟ್ಟುವಂತಿಲ್ಲ. ಹಾಗಾಗಿ ದಿನದಲ್ಲಿ ಅಜ್ಜಿ ನನ್ನನ್ನು ಮುಟ್ಟುತ್ತಿದ್ದುದು ಆ ಒಂದು ಸಲ ಮಾತ್ರ. ಎದ್ದ ಕೂಡಲೇ ಹೊದಿಕೆ ಮಡಚಬೇಕು, ಅಂಚಿಗೆ ಅಂಚು ಕೂಡಬೇಕು, ಕೂಡದಿದ್ದರೆ ಬಿಚ್ಚಿ ಮತ್ತೆ ಮಡಚಬೇಕು. ನಾವಿದ್ದದ್ದು ಫ್ಲಶಿಂಗ್‌ನ ಒಂದು ಕೆಂಪು ಇಟ್ಟಿಗೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ. ಎರಡು ಕೋಣೆ, ಒಂದು ಹಾಲು, ಕಿಟಕಿಯಿಲ್ಲದ ಅಡುಗೆಮನೆ, ಒಂದೇ ಒಂದು ಬಚ್ಚಲು. ಆ ಬಚ್ಚಲಿನ ಸರದಿಯೇ ನಮ್ಮ ಮನೆಯ ಪಂಚಾಂಗ. ಮೊದಲು ಅಜ್ಜಿ, ಆಮೇಲೆ ಒಲೆ ಮುಟ್ಟಬೇಕಾದ ಅಮ್ಮ, ಆಮೇಲೆ ಅಪ್ಪ, ಕೊನೆಗೆ ನಾನು. ಅಜ್ಜಿಯ ಮಡಿಸೀರೆ ಕಟ್ಟಡದ ನೆಲಮಾಳಿಗೆಯಲ್ಲಿದ್ದ ಎಲ್ಲರ ವಾಷಿಂಗ್ ಮೆಷಿನ್ನಿಗೆ ಹೋಗುವಂತಿರಲಿಲ್ಲ. ಅದು ಟಬ್ಬಿನ ಮೇಲಿನ ಪರದೆಯ ಸರಳಿನಲ್ಲಿ ಒಣಗುತ್ತಿತ್ತು. ನಾವು ಅದಕ್ಕೆ ತಾಗದಂತೆ ಬಗ್ಗಿ ಸ್ನಾನ ಮಾಡುತ್ತಿದ್ದೆವು. ತಾಗಿದರೆ ಒದ್ದೆ ಸೀರೆಯ ತುದಿಯಿಂದಲೇ ಬೆನ್ನಿಗೆ ಒಂದು ಏಟು, ಮತ್ತೆ ಆ ಸೀರೆಯನ್ನು ನಾವೇ ನೆನೆಸಿ ಹಿಂಡಬೇಕು.

ಸಂಜೆ ಕಾಪಿ ಬರೆಯುವ ಹೊತ್ತು. ಅಪ್ಪ ಕಚೇರಿಯಿಂದ ಬಂದು ಟೈ ಸಡಿಲಿಸುವ ಮೊದಲೇ ನನ್ನ ಕನ್ನಡ ಕಾಪಿಯ ಮೇಲೆ ಕಣ್ಣಾಡಿಸುತ್ತಿದ್ದರು. ಒತ್ತಕ್ಷರ ತಪ್ಪಿದರೆ ಹಾಲಿನ ಗೋಡೆಗೆ ಮೂಗು ತಾಗಿಸಿ ನಿಲ್ಲಬೇಕು, ಅಡುಗೆಯಾಗುವ ತನಕ. ಹೊಡೆತಕ್ಕಿಂತ ಅದು ಕೆಟ್ಟದು, ಏಕೆಂದರೆ ಗೋಡೆಯ ಆಚೆಯ ಮನೆಯಲ್ಲಿ ಟೀವಿಯ ನಗು ಕೇಳಿಸುತ್ತಿತ್ತು. ಈ ಪುಟಗಳನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆಂದರೆ ಅದು ಆ ಗೋಡೆಯ ದಯೆ. ಇಂದಿಗೂ ನ್ಯೂಜೆರ್ಸಿಯ ಹಿಲ್ಸ್‌ಬರೋದ ನನ್ನ ಮನೆಯಲ್ಲಿ ಟವೆಲ್ಲುಗಳು ಅಂಚಿಗೆ ಅಂಚು ಕೂಡಿ ಕೂತಿರುತ್ತವೆ. ನನ್ನ ಮಕ್ಕಳು ಅದನ್ನು ನೋಡಿ ನಗುತ್ತಾರೆ. ನಗಲಿ.

ಅಮ್ಮ ಒಂದು ಆಸ್ಪತ್ರೆಯ ಕಚೇರಿಯಲ್ಲಿ ಫೈಲು ಜೋಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಆಸ್ಪತ್ರೆ ಎಂದರೆ ಮೈಲಿಗೆ. ಬಂದವಳು ಕೋಟು ಬಾಗಿಲಲ್ಲೇ ತೆಗೆದು, ಯಾರನ್ನೂ ಮಾತಾಡಿಸದೆ, ಎರಡನೆಯ ಸಲ ಸ್ನಾನ ಮಾಡಿ ಅಡುಗೆಮನೆಗೆ ಹೋಗಬೇಕು. ಚಳಿಗಾಲದಲ್ಲಿ ಅವಳ ಒದ್ದೆ ಕೂದಲು ಒಣಗುವ ಹೊತ್ತಿಗೆ ಮಲಗುವ ಹೊತ್ತಾಗಿರುತ್ತಿತ್ತು. ಅವಳು ಜಗಳವಾಡುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಒಂದೇ. ಮೈಸೂರಿನಲ್ಲಿ ಅವಳ ತಾಯಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಒಮ್ಮೆ ಹೋಗಿ ನೋಡಿ ಬರಬೇಕು. ಅದಕ್ಕಾಗಿ ಒಂದು ಸೂಟ್‌ಕೇಸ್ ಜೋಡಿಸಿ ಬಾಗಿಲ ಹಿಂದೆ ನಿಲ್ಲಿಸಿದ್ದಳು. ಅಪ್ಪನ ಗ್ರೀನ್ ಕಾರ್ಡಿನ ಕಾಗದ ಇನ್ನೂ ಕಂಪನಿಯಲ್ಲಿತ್ತು. ಈಗ ದೇಶ ಬಿಟ್ಟು ಹೊರಟರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಅಪ್ಪ ತಡೆದಿದ್ದರು. ಶನಿವಾರ ಶನಿವಾರ ಅಮ್ಮ ಆ ಸೂಟ್‌ಕೇಸ್ ಬಿಚ್ಚಿ, ಸೀರೆಗಳನ್ನು ಗಾಳಿಗೆ ಹರವಿ, ಮಡಿಕೆ ಬದಲಿಸಿ ಮತ್ತೆ ಒಳಗಿಡುತ್ತಿದ್ದಳು. ಅಜ್ಜಿ ಮಣೆಯ ಮೇಲೆ ಕೂತು ಬತ್ತಿ ಹೊಸೆಯುತ್ತ ನೋಡುತ್ತಿದ್ದರು.

"ಸೀರೆ ಸವೆಯೋದು ಉಟ್ಟರೆ ಮಾತ್ರ ಅಲ್ಲ ಕಣೇ ಶಾರದಾ, ಮಡಚಿ ಮಡಚಿನೂ ಸವೆಯುತ್ತೆ."

ಆ ಕಾಗದಕ್ಕೆ ಸಹಿ ಹಾಕಬೇಕಾದವರು ಅಪ್ಪನ ಮೇಲಧಿಕಾರಿ ಹಯಾಶಿ. ಅಪ್ಪ ಕೆಲಸ ಮಾಡುತ್ತಿದ್ದುದು ಒಂದು ಜಪಾನಿ ಯಂತ್ರದ ಕಂಪನಿಯಲ್ಲಿ. ಹಯಾಶಿ ಮತ್ತು ಅವರ ಹೆಂಡತಿ ಒಂದು ಚಳಿಗಾಲದಲ್ಲಿ ನಮ್ಮ ಮನೆಗೆ ಊಟಕ್ಕೆ ಬಂದರು. ಬಾಗಿಲಲ್ಲಿ ಹೇಳಿಸಿಕೊಳ್ಳದೆ ಬೂಟು ಬಿಚ್ಚಿ, ಮೂತಿ ಹೊರಗೆ ಮಾಡಿ ಜೋಡಿಸಿಟ್ಟರು. ಅವರನ್ನು ಮೆಚ್ಚಲು ಅಜ್ಜಿಗೆ ಅಷ್ಟೇ ಸಾಕಾಯಿತು. ಊಟದ ನಡುವೆ ಹಯಾಶಿ ಒಂದು ಗುಡಿಯ ವಿಷಯ ಹೇಳಿದರು. ಹಡ್ಸನ್ ನದಿಯ ದಂಡೆಯಲ್ಲಿ, ನ್ಯೂಜೆರ್ಸಿಯ ಕಡೆ, ಹಿಂದೆ ಒಬ್ಬ ರೇಷ್ಮೆ ವ್ಯಾಪಾರಿಯ ತೋಟವಿತ್ತು. ಅವನು ಜಪಾನಿನಿಂದ ಮರದ ತೊಲೆಗಳನ್ನೂ ಬಡಗಿಗಳನ್ನೂ ಹಡಗಿನಲ್ಲಿ ತರಿಸಿ ಗುಡ್ಡದ ಮೇಲೆ ಜಪಾನೀಯರ ಶಿಂಟೋ ಧರ್ಮದ ಒಂದು ಗುಡಿ ಕಟ್ಟಿಸಿದ್ದ. ಒಮ್ಮೆ ಬೆಂಕಿ ಬಿದ್ದು ಸುಟ್ಟಿತ್ತು, ಅದೇ ಅಳತೆಗೆ ಮತ್ತೆ ಕಟ್ಟಿದ್ದರು. ವಸಂತದಲ್ಲಿ, ಚೆರ್ರಿ ಹೂ ಬಿಡುವ ಹೊತ್ತಿಗೆ, ಅರ್ಚಕರು ಬಂದು ಪೂಜೆ ಮಾಡುತ್ತಾರೆ. ಈ ಸಲ ನೀವೆಲ್ಲರೂ ಬನ್ನಿ ಎಂದು ಕರೆದರು. ತಾವು ಹಿಂದಿನ ವರ್ಷ ಹೋಗಲಿಲ್ಲವೆಂದೂ ಹೇಳಿದರು. ತಾಯಿ ತೀರಿಕೊಂಡಿದ್ದರಂತೆ. ಮನೆಯಲ್ಲಿ ಸಾವಾದವರು ಗುಡಿಯ ಮುಂದಿನ ಕೆಂಪು ಕಮಾನಿನ ಕೆಳಗೆ ಕಾಲಿಡಬಾರದಂತೆ. ಅಪ್ಪ ಇದನ್ನು ಕನ್ನಡದಲ್ಲಿ ಹೇಳಿದಾಗ ಅಜ್ಜಿ ಮೊದಲ ಸಲ ಹಯಾಶಿಯವರ ಮುಖವನ್ನು ನೇರವಾಗಿ ನೋಡಿದರು.

"ಸೂತಕ ಅಂದ್ರೆ ಏನು ಅಂತ ಗೊತ್ತಿರೋ ಜನ ನಾಣಿ. ಇನ್ನೊಂದು ಹೋಳಿಗೆ ಬಡಿಸು ಅವರಿಗೆ," ಎಂದು ಅಪ್ಪನಿಗೆ ಹೇಳಿದರು.

ಗುಡಿಗೆ ಹೋಗಬೇಕಾಗಿದ್ದ ಭಾನುವಾರಕ್ಕೆ ಮೊದಲಿನ ಶುಕ್ರವಾರ ನಾನು ಶಾಲೆಯಿಂದ ಬಂದಾಗ ಬಚ್ಚಲಿನಲ್ಲಿ ನೀರಿನ ಸದ್ದಿತ್ತು. ಅಜ್ಜಿ ಮಧ್ಯಾಹ್ನದಲ್ಲಿ ಸ್ನಾನ ಮಾಡುತ್ತಿದ್ದರು, ತಲೆಗೆ ಸಹ. ಸ್ವಲ್ಪ ಹೊತ್ತಿಗೆ ಅಪ್ಪ ಬಂದರು. ಅಪ್ಪ ಅಷ್ಟು ಬೇಗ ಬಂದದ್ದನ್ನು ನಾನು ಕಂಡಿರಲಿಲ್ಲ. ಕಾಪಿ ಕೇಳಲಿಲ್ಲ, ಷರ್ಟು ಸಮೇತ ಬಚ್ಚಲಿಗೆ ಹೋದರು. ನನಗೆ ಆಗ ಗೊತ್ತಿರದಿದ್ದುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಮಧ್ಯಾಹ್ನ ಮೈಸೂರಿನಿಂದ ಅಮ್ಮನ ತಮ್ಮ, ನನ್ನ ರಾಮು ಮಾವ, ಫೋನ್ ಮಾಡಿದ್ದ. ಅಮ್ಮನ ತಾಯಿ ತೀರಿಕೊಂಡಿದ್ದರು. ಫೋನ್ ಎತ್ತಿದವರು ಅಜ್ಜಿ. ಅಮ್ಮ ಕೆಲಸದಲ್ಲಿದ್ದಳು. ಅಜ್ಜಿ ಅಪ್ಪನನ್ನು ಕಚೇರಿಯಿಂದ ಕರೆಸಿ ಏನು ಹೇಳಿದರೆಂಬುದನ್ನು ಅಪ್ಪ ತಮ್ಮ ಕೊನೆಗಾಲದಲ್ಲಿ, ನಾನು ಕೇಳದೆಯೇ, ನಾಳೆ ಮಳೆ ಬರಬಹುದು ಎನ್ನುವ ದನಿಯಲ್ಲಿ ನನಗೆ ಹೇಳಿದರು.

"ಸೂತಕ ಕಿವಿಯಿಂದ ಒಳಗೆ ಬರೋದು ಕಣೋ. ಅಳಿಯ ನೀನು, ನಿನಗೆ ಒಂದು ಸ್ನಾನ ಸಾಕು. ಮಗಳಿಗೆ ಮೂರು ದಿನ. ಆದರೆ ಅವಳ ಕಿವಿಗೆ ಬೀಳೋವರೆಗೂ ಅವಳು ಶುದ್ಧ. ಸಹಿ ಹಾಕೋರು ಕರೆದಿದಾರೆ, ಭಾನುವಾರ ಮುಗೀಲಿ."

ಸಂಜೆ ಅಮ್ಮ ಬಂದಳು, ಎಂದಿನಂತೆ ಸ್ನಾನ ಮಾಡಿದಳು, ಟಬ್ಬಿನ ಮೇಲೆ ಅಪ್ಪನ ಒದ್ದೆ ಷರ್ಟನ್ನೂ ಅಜ್ಜಿಯ ಎರಡನೆಯ ಸೀರೆಯನ್ನೂ ನೋಡಿದಳು. ಹೊತ್ತಲ್ಲದ ಹೊತ್ತಿನ ಸ್ನಾನದ ಅರ್ಥ ನಮ್ಮಂಥ ಮನೆಯಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳು ಸಾರಿನ ಸೌಟು ಹಿಡಿದೇ ಹಾಲಿಗೆ ಬಂದಳು.

"ಅತ್ತೆ, ಯಾಕೆ ಎರಡೆರಡು ಸ್ನಾನ? ಯಾರಾದರೂ ಹೋದರಾ?"

"ಥೂ, ದೀಪ ಹಚ್ಚೋ ಹೊತ್ತಲ್ಲಿ ಎಂಥ ಮಾತು ಆಡ್ತೀಯ. ಕಾರಿಡಾರಿನಲ್ಲಿ ಪಕ್ಕದ ಮನೆ ನಾಯಿ ಬಂದು ಸೆರಗು ಮೂಸಿಬಿಡ್ತು."

"ಇವರನ್ನೂ ಮೂಸ್ತಾ?"

"ಇಬ್ಬರನ್ನೂ. ಬಿಚ್ಚಿಬಿಟ್ಟಿರ್ತಾರೆ ದರಿದ್ರದವರು. ಹೋಗು, ಸಾರು ಉಕ್ಕುತ್ತೆ."

ಅಮ್ಮ ಅಪ್ಪನ ಕಡೆ ನೋಡಿದಳು. ಅಪ್ಪ ಪೇಪರ್ ಓದುತ್ತ, ದೊಡ್ಡ ನಾಯಿ ಅದು, ಎಂದರು. ಅಮ್ಮ ನಕ್ಕಳು. ಪಕ್ಕದ ಮನೆಯವರ ನಾಯಿ ಬೆಕ್ಕಿನಷ್ಟು ಗಾತ್ರದ್ದು, ಮುದಿಯಾಗಿ ಕಣ್ಣು ಕಾಣುತ್ತಿರಲಿಲ್ಲ. ಆ ನಗು ನನಗೆ ನೆನಪಿದೆ, ಏಕೆಂದರೆ ಅದು ಸಮಾಧಾನದ ನಗು.

ಭಾನುವಾರ ಅಮ್ಮ ಸಾಸಿವೆ ಬಣ್ಣದ ರೇಷ್ಮೆ ಸೀರೆಯುಟ್ಟು ಮೇಲೆ ಕೋಟು ಹಾಕಿಕೊಂಡಳು. ಸೀರೆ ಬಾಗಿಲ ಹಿಂದಿನ ಸೂಟ್‌ಕೇಸಿನಿಂದ ತೆಗೆದದ್ದು. ಸೇತುವೆ ದಾಟಿ, ನದಿಯ ದಂಡೆಯ ರಸ್ತೆ ಹಿಡಿದು ನಾವು ಆ ತೋಟ ಮುಟ್ಟಿದಾಗ ಹಯಾಶಿ ದಂಪತಿ ಬಾಗಿಲಲ್ಲೇ ಕಾಯುತ್ತಿದ್ದರು. ಗುಡ್ಡದ ಬುಡದಲ್ಲಿ ಕೆಂಪು ಕಮಾನು, ಎರಡು ಕಂಬ, ಮೇಲೆ ಎರಡು ಅಡ್ಡತೊಲೆ, ಬಾಗಿಲಿಲ್ಲ, ಬೀಗವಿಲ್ಲ. ಹಯಾಶಿ ನಿಂತು ತಲೆಬಾಗಿ ಒಳಗೆ ಹೋದರು. ಅವರ ಹಿಂದೆ ಅಪ್ಪ, ಅಜ್ಜಿ, ಅಮ್ಮ, ನಾನು. ಅಮ್ಮ ಕಮಾನಿನ ಕಂಬವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಯಾವ ಗುಡಿಯ ಹೊಸ್ತಿಲಲ್ಲಾದರೂ ಮಾಡುವಂತೆ. ಒಳಗೆ ಕಲ್ಲಿನ ತೊಟ್ಟಿಯಲ್ಲಿ ನೀರು, ಮೇಲೆ ಬಿದಿರಿನ ಸೌಟುಗಳು. ಮೊದಲು ಎಡಗೈ, ಆಮೇಲೆ ಬಲಗೈ, ಆಮೇಲೆ ಬಾಯಿ ಎಂದು ಹಯಾಶಿಯವರ ಹೆಂಡತಿ ಮಾಡಿ ತೋರಿಸಿದರು. ಸೌಟಿಗೆ ತುಟಿ ತಾಗಿಸಬಾರದು, ಅಂಗೈಗೆ ಸುರಿದುಕೊಳ್ಳಬೇಕು. ಅಜ್ಜಿ ಒಂದೂ ತಪ್ಪದೆ ಮಾಡಿದರು.

"ಎಂಜಲು ಗೊತ್ತಿದೆ ನೋಡು ಇವರಿಗೆ. ಅಮೆರಿಕಕ್ಕೆ ಬಂದ ಮೇಲೆ ಮೊದಲನೇ ಸಲ ನೋಡ್ತಾ ಇದೀನಿ."

ಮೆಟ್ಟಿಲ ಮೇಲೆ ಸಣ್ಣ ಮರದ ಗುಡಿ, ಇಕ್ಕೆಲದಲ್ಲಿ ಕಲ್ಲಿನ ನರಿಗಳು, ಕೊರಳಿಗೆ ಕೆಂಪು ಬಟ್ಟೆ. ಬೆಳಿಗ್ಗೆ ನರಿಮುಖ ನೋಡಿ ಎದ್ದ ಹಾಗಾಯಿತು ಎಂದು ಅಜ್ಜಿ ಅಪ್ಪನನ್ನು ಮೊಣಕೈಯಿಂದ ತಿವಿದರು. ಅಪ್ಪ ನಗಲಿಲ್ಲ. ಬಿಳಿ ಬಟ್ಟೆಯ ಅರ್ಚಕರು ಕೋಲಿಗೆ ಕಟ್ಟಿದ ಬಿಳಿ ಕಾಗದದ ಪಟ್ಟಿಗಳನ್ನು ನಮ್ಮ ತಲೆಗಳ ಮೇಲೆ ಬೀಸಿದರು. ಎಲ್ಲರೂ ಬಾಗಿದರು, ಚಪ್ಪಾಳೆ ತಟ್ಟಿದರು. ಅಮ್ಮ ಚಪ್ಪಾಳೆ ತಟ್ಟಿದ ಕೈಗಳನ್ನು ಹಾಗೇ ಜೋಡಿಸಿಕೊಂಡು ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಳು. ಪೂಜೆ ಮುಗಿದ ಮೇಲೆ ಹಯಾಶಿಯವರ ಹೆಂಡತಿ ಒಬ್ಬೊಬ್ಬರಿಗೂ ಅಂಗೈಯಗಲದ ಮರದ ಹಲಗೆ ಕೊಟ್ಟರು. ಅದರ ಮೇಲೆ ಬೇಡಿಕೆ ಬರೆದು ಅಲ್ಲಿದ್ದ ಕಟಕಟೆಗೆ ಕಟ್ಟಬೇಕು. ಯಾವ ಭಾಷೆಯಾದರೂ ಆಗುತ್ತದೆ, ದೇವರು ಓದಿಕೊಳ್ಳುತ್ತಾರೆ ಎಂದರು. ಅಮ್ಮ ಪೆನ್ನಿಗಾಗಿ ಅಪ್ಪನ ಕಡೆ ಕೈ ಚಾಚಿದಳು. ಅಪ್ಪ ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ ಕೊಟ್ಟರು. ಅವಳು ಹಲಗೆಯನ್ನು ಕಲ್ಲಿನ ದೀಪಸ್ತಂಭದ ಮೇಲಿಟ್ಟು ನಿಧಾನವಾಗಿ ಬರೆದಳು. ನಾನು ಬೆರಳಿಟ್ಟು ಓದಿದೆ. "ಅಮ್ಮ ಎದ್ದು ಕೂತು ನನ್ನ ಜೊತೆ ಫೋನಿನಲ್ಲಿ ಮಾತಾಡುವಂತಾಗಲಿ." ಅಜ್ಜಿಯೂ ನನ್ನ ಹೆಗಲ ಮೇಲಿನಿಂದ ಓದಿದರು.

"ಅಕ್ಷರ ದುಂಡಗಿದೆ. ನೋಡಿ ಕಲಿ ವಿಜಿ."

"ವಾಟ್ ಡಿಡ್ ಶಿ ವಿಶ್ ಫಾರ್?" ಎಂದು ಹಯಾಶಿಯವರ ಹೆಂಡತಿ ಅಪ್ಪನನ್ನು ಕೇಳಿದರು.

"ಗುಡ್ ಹೆಲ್ತ್ ಫಾರ್ ದಿ ಫ್ಯಾಮಿಲಿ."

ಅಮ್ಮ ಹಲಗೆಯನ್ನು ಕಟಕಟೆಯ ಮೇಲಿನ ಸಾಲಿನಲ್ಲಿ, ಬಿಸಿಲು ಬೀಳುವ ಕಡೆ, ಎರಡು ಗಂಟು ಹಾಕಿ ಕಟ್ಟಿದಳು. ಬರುವಾಗ ಕಾರಿನಲ್ಲಿ ಅವಳು ಹಾಡಿಕೊಂಡು ಬಂದಳು. ಅಮ್ಮ ಹಾಡುತ್ತಾಳೆಂದು ನನಗೆ ಗೊತ್ತಾದದ್ದೇ ಆ ದಿನ.

ಮನೆಗೆ ಬಂದ ಮೇಲೆ ಎಲ್ಲವೂ ಪದ್ಧತಿಯಂತೆ ನಡೆಯಿತು. ಅಮ್ಮ ಕಾಫಿ ಮಾಡಿದಳು, ಹುಳಿ ಮಾಡಿದಳು, ಎಲ್ಲರಿಗೂ ಬಡಿಸಿ ತಾನು ಉಂಡಳು, ಪಾತ್ರೆ ತೊಳೆದು ಬೋರಲು ಹಾಕಿದಳು, ಮರುದಿನಕ್ಕೆ ಅಕ್ಕಿ ನೆನೆಹಾಕಿದಳು. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೊಂದಾಗಿ ನೋಡಿಕೊಂಡರು. ಒಲೆಯ ಕಟ್ಟೆ ಒರೆಸಿ ಮುಗಿಯುವ ತನಕ ಕಾದರು.

"ಶಾರದಾ, ಬಚ್ಚಲಿಗೆ ಹೋಗಿ ಟಬ್ಬಿನೊಳಗೆ ನಿಂತ್ಕೋ."

"ಯಾಕತ್ತೆ, ನೀರು ಕಟ್ಟಿಕೊಂಡಿದೆಯಾ?"

"ನಿಂತ್ಕೋ ಅಂದೆ. ವಿಜಿ, ಟವೆಲ್ ಹಿಡ್ಕೊಂಡು ಬಾ."

ಅಮ್ಮ ಸೀರೆ ಸ್ವಲ್ಪ ಮೇಲೆತ್ತಿ ಟಬ್ಬಿನೊಳಗೆ ಇಳಿದಳು. ನೀರು ಹೋಗುವ ತೂತಿನ ಕಡೆ ಬಗ್ಗಿ ನೋಡಿದಳು, ಕೂದಲು ಕಟ್ಟಿಕೊಂಡಿದೆಯೇನೋ ಎಂದು. ಅಜ್ಜಿ ಹೊಸ್ತಿಲ ಆಚೆ ನಿಂತರು. ಅವರ ಹಿಂದೆ ಅಪ್ಪ. ಅಪ್ಪನ ಪಕ್ಕದಲ್ಲಿ ಟವೆಲ್ ಹಿಡಿದ ನಾನು.

"ನಿಮ್ಮಮ್ಮ ಹೋದರಂತೆ. ರಾಮು ಫೋನ್ ಮಾಡಿದ್ದ. ನಲ್ಲಿ ತಿರುಗಿಸು."

ಅಮ್ಮ ಬಗ್ಗಿದಲ್ಲಿಂದ ನೆಟ್ಟಗಾದಳು.

"ಯಾವಾಗ?"

"ಮೊದಲು ನಲ್ಲಿ ತಿರುಗಿಸು. ತಲೆ ಮೇಲೆ ನೀರು ಬೀಳಲಿ."

"ಯಾವಾಗ ಅತ್ತೆ?"

"ಶುಕ್ರವಾರ."

ಅಮ್ಮ ಅಜ್ಜಿಯನ್ನು ಬಿಟ್ಟು ಅಪ್ಪನನ್ನು ನೋಡಿದಳು.

"ನಾಯಿ ಅಂದ್ರಿ," ಎಂದಳು. "ದೊಡ್ಡ ನಾಯಿ ಅಂದ್ರಿ."

ಅಪ್ಪ ಅಜ್ಜಿಯನ್ನು ದಾಟಿ ಒಳಗೆ ಬಂದು, ಕೈ ಚಾಚಿ ತಾವೇ ನಲ್ಲಿ ತಿರುಗಿಸಿದರು. ಶವರಿನಲ್ಲಿ ಮೊದಲು ಬರುವುದು ತಣ್ಣೀರು. ಅಮ್ಮ ಬೆಳಗಿನಿಂದ ಉಟ್ಟ ಸಾಸಿವೆ ಬಣ್ಣದ ರೇಷ್ಮೆಯಲ್ಲೇ ಇದ್ದಳು. ಬದಲಾಯಿಸಲು ಅವಳಿಗೆ ಪುರುಸೊತ್ತು ಸಿಕ್ಕಿರಲಿಲ್ಲ. ಅವಳು ಅಳುತ್ತಿದ್ದಳೋ ಇಲ್ಲವೋ ನೀರಿನಲ್ಲಿ ಗೊತ್ತಾಗಲಿಲ್ಲ. ಅಜ್ಜಿ, ಸಾಕು, ಬಿಲ್ಲು ಬರುತ್ತೆ ಎನ್ನುವ ತನಕ ನಿಂತಿದ್ದಳು.

ಮೂರು ದಿನ ಅವಳು ಬಾಗಿಲ ಹಿಂದೆ, ಸೂಟ್‌ಕೇಸಿನ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕೂತಳು. ಅಡುಗೆ ಅಜ್ಜಿಯದು. ತಟ್ಟೆಯನ್ನು ದೂರದಿಂದ ತಳ್ಳುತ್ತಿದ್ದರು. ಅಮ್ಮ ಒಂದೇ ಮಾತನ್ನು ಹೇಳುತ್ತಿದ್ದಳು, ಯಾರಿಗೆಂದು ಗೊತ್ತಿಲ್ಲ.

"ಸತ್ತವಳು ಎದ್ದು ಕೂರಲಿ ಅಂತ ಬರೆದು ಕಟ್ಟಿ ಬಂದೆನಲ್ಲ. ಸೂತಕದ ಮೈಯಲ್ಲಿ ಆ ಕಂಬ ಮುಟ್ಟಿದೆನಲ್ಲ. ಆ ದೇವರು ನನ್ನನ್ನ ಏನು ಅಂದ್ಕೊಂಡಿರಬೇಕು."

"ಗೊತ್ತಿಲ್ಲದೆ ಮಾಡಿದ್ದಕ್ಕೆ ದೋಷ ಇಲ್ಲ," ಎಂದು ಅಜ್ಜಿ ಅಡುಗೆಮನೆಯಿಂದಲೇ ಹೇಳಿದರು. "ಶುದ್ಧ ಆದ ಮೇಲೆ ಆ ಸೂಟ್‌ಕೇಸ್ ಬಿಚ್ಚಿ ಸೀರೆ ಎಲ್ಲ ಕಪಾಟಿಗೆ ಸೇರಿಸು. ಇನ್ನು ಯಾರನ್ನ ನೋಡೋಕೆ ಹೋಗಬೇಕು."

ಹಯಾಶಿ ಕಾಗದಕ್ಕೆ ಸಹಿ ಹಾಕಿದರು. ಗ್ರೀನ್ ಕಾರ್ಡು ಬಂತು. ನಾನು ಈ ದೇಶದಲ್ಲಿ ಓದಿದೆ, ಕೆಲಸ ಮಾಡಿದೆ, ಮನೆ ಕಟ್ಟಿದೆ. ಅಮ್ಮನಿಗೆ ಆ ದಿನದಿಂದ ಒಂದು ಅಭ್ಯಾಸ ಹತ್ತಿತು. ಯಾವ ದೇವಸ್ಥಾನಕ್ಕೆ ಹೋದರೂ ಮೆಟ್ಟಿಲ ಬಳಿ ನಿಂತುಬಿಡುತ್ತಿದ್ದಳು. ಫ್ಲಶಿಂಗ್‌ನ ಗಣಪತಿ ದೇವಸ್ಥಾನದಲ್ಲಿ ಹಿಂದೆ ಜನ ಕಾಯುತ್ತಿದ್ದರೂ ಸರಿಯೇ, ಚಪ್ಪಲಿ ಬಿಡುವ ಮೊದಲು ನಮ್ಮ ಮುಖವನ್ನು ಒಂದೊಂದಾಗಿ ನೋಡಿ ಕೇಳುತ್ತಿದ್ದಳು.

"ಏನಾದರೂ ಸುದ್ದಿ ಇದೆಯಾ? ಇದ್ದರೆ ಈಗಲೇ ಹೇಳಿ."

ಅಪ್ಪ ಇಲ್ಲ ಎನ್ನಬೇಕು. ಅಜ್ಜಿ ಇಲ್ಲ ಎನ್ನಬೇಕು. ನಾನೂ ಇಲ್ಲ ಎನ್ನಬೇಕು. ಆಮೇಲೆ ಚಪ್ಪಲಿ ಬಿಡುತ್ತಿದ್ದಳು. ಅಜ್ಜಿಗೆ ಇದರಿಂದ ಅವಮಾನವಾಗುತ್ತಿತ್ತು. ಆದರೂ ಪ್ರತಿಸಲವೂ ಇಲ್ಲ ಎನ್ನುತ್ತಿದ್ದರು, ಏಕೆಂದರೆ ಅನ್ನದಿದ್ದರೆ ಅಮ್ಮ ಹತ್ತುತ್ತಿರಲಿಲ್ಲ.

ನಾನು ಹೈಸ್ಕೂಲಿಗೆ ಬಂದ ಮೇಲೆ ಒಂದು ದಿನ ಮೈಸೂರಿನಿಂದ ಮತ್ತೆ ಫೋನ್ ಬಂತು. ಈ ಸಲ ಎತ್ತಿದವಳು ಅಮ್ಮ. ಅಜ್ಜಿಯ ಮಗಳು, ನನ್ನ ಸೀತತ್ತೆ, ಹೋಗಿಬಿಟ್ಟಿದ್ದಳು. ನವರಾತ್ರಿಗೆ ಗೊಂಬೆ ಕೂರಿಸಿದ್ದೆವು. ಅಮ್ಮ ಫೋನ್ ಇಟ್ಟು, ಕೈ ತೊಳೆದು, ಅಪ್ಪ ಬರುವ ತನಕ ಕಾದು ಅಡುಗೆಮನೆಗೆ ಕರೆದಳು. ಗೊಂಬೆ ಇಳಿಸೋವರೆಗೂ ಬೇಡ ಎಂದಳು. ಅಪ್ಪ ತಂಗಿಯನ್ನು ಕಳೆದುಕೊಂಡಿದ್ದರು. ಸಿಂಕಿನ ಅಂಚು ಹಿಡಿದು ನಿಂತು ತಲೆಯಾಡಿಸಿದರು. ಗೊಂಬೆ ಇಳಿಯಿತು, ದೀಪಾವಳಿ ಬಂತು. ದೀಪಾವಳಿ ಹೋಯಿತು, ಸಂಕ್ರಾಂತಿ ಬಂತು. ನಮ್ಮವರಲ್ಲಿ ಹಬ್ಬಕ್ಕೇನು ಕೊರತೆ. ಶನಿವಾರ ಅಮ್ಮ ಅಜ್ಜಿಯ ತಲೆಗೆ ಎಣ್ಣೆ ಒತ್ತುತ್ತಿದ್ದಳು. ಅವಳ ಕೈ ಬಲು ಮೃದು.

"ಸೀತೆ ಫೋನ್ ಮಾಡಿದ್ಲೇನೇ?"

"ಮಾಡಿದ್ರು ಅತ್ತೆ. ನೀವು ಮಲಗಿದ್ರಿ."

"ಎಬ್ಬಿಸಬಾರದಿತ್ತಾ?"

"ನಿದ್ದೆ ಕೆಡಿಸೋದು ಬೇಡ ಅಂದ್ರು. ಚೆನ್ನಾಗಿದಾರಂತೆ."

ಅಜ್ಜಿ ಹಾಸಿಗೆ ಹಿಡಿದು, ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿದ ಮೇಲೆ, ಮಾತು ನಿಂತಿತ್ತು. ಒಂದು ಬೆಳಿಗ್ಗೆ ಅಮ್ಮ ಒಂದು ಪಾತ್ರೆಯಲ್ಲಿ ನೀರು, ಒಂದು ಒಗೆದ ಬಟ್ಟೆ ತಂದಳು. ಅಜ್ಜಿಯ ಮುಖ, ಕತ್ತು, ಕೈ, ಕಾಲು ಎಲ್ಲ ಒರೆಸಿದಳು. ಬಟ್ಟೆಯನ್ನು ಹಿಂಡದೆ ಹಣೆಯ ಮೇಲೆ ಹಾಕಿ, ಕಿವಿಯ ಹತ್ತಿರ ಬಗ್ಗಿದಳು.

"ಅತ್ತೆ, ಸೀತಕ್ಕ ಹೋಗಿ ಎರಡು ವರ್ಷ ಆಯ್ತು. ಈಗ ಯಾವ ಹಬ್ಬನೂ ಇಲ್ಲ."

ಅಜ್ಜಿಯ ಕಣ್ಣು ತೆರೆದೇ ಇತ್ತು. ಒಂದು ಕೈ ಹೊದಿಕೆಯ ಅಂಚನ್ನು ಹುಡುಕಿತು. ಅಮ್ಮ ಆ ಅಂಚನ್ನು ಎಳೆದು ನೆಟ್ಟಗೆ ಮಾಡಿ, ನನ್ನ ಕಡೆ ತಿರುಗಿ, ಕಾಲೇಜಿಗೆ ಹೊತ್ತಾಯಿತು, ತಿಂಡಿ ತಿನ್ನು ಎಂದಳು. ಅಜ್ಜಿ ಮೂರನೆಯ ದಿನ ತೀರಿಕೊಂಡರು. ಆ ಎರಡು ದಿನ ಅವರು ಕೇಳಿಸಿಕೊಂಡದ್ದು ಏನು, ಬಿಟ್ಟದ್ದು ಏನು, ನಮಗೆ ತಿಳಿಯುವ ಬಗೆಯಿರಲಿಲ್ಲ. ಅಮ್ಮನಿಗೆ ಮಾತ್ರ ತಿಳಿದಿತ್ತೆಂದು ಅವಳ ಮುಖ ಹೇಳುತ್ತಿತ್ತು.

ಅಪ್ಪನೂ ಹೋಗಿ ಬಹಳ ಕಾಲವಾಯಿತು. ಅಮ್ಮ ಈಗ ನನ್ನ ಜೊತೆಯಲ್ಲೇ ಇದ್ದಾಳೆ. ಎಂಬತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ, ಮಂಡಿ ನೋವು. ನಮ್ಮ ಮನೆಯ ದಿನಚರಿ ಗಟ್ಟಿ. ಎದ್ದ ಮೇಲೆ ಸ್ನಾನ, ತಿಂಡಿ, ತಿಂಡಿಯ ಬೆನ್ನಿಗೆ ಮಾತ್ರೆ, ಹಿತ್ತಿಲಲ್ಲಿ ನಡಿಗೆ, ಊಟ. ಹೋದ ವರ್ಷ ಚೆರ್ರಿ ಹೂ ಉದುರಿದ ಮೇಲೆ ಅವಳು ಒಂದು ಬೇಡಿಕೆ ಮುಂದಿಟ್ಟಳು. ಆ ಜಪಾನಿ ಗುಡಿಗೆ ಒಮ್ಮೆ ಹೋಗಬೇಕು. ಅವತ್ತು ಅಶುದ್ಧಳಾಗಿ ಹೋಗಿದ್ದೆ, ಒಂದು ಸಲ ಶುದ್ಧವಾಗಿ ಆ ಕಮಾನಿನ ಕೆಳಗೆ ಹೋಗಿ, ತಪ್ಪಾಯಿತು ಎಂದು ಹೇಳಿ ಬರಬೇಕು. ಇನ್ನೇನೂ ಬೇಡ. ತೋಟ ಈಗ ಕೌಂಟಿಯ ಪಾರ್ಕು. ಹೂವಿನ ಕಾಲದಲ್ಲಿ ಹೊತ್ತು ಗೊತ್ತುಮಾಡಿ ಟಿಕೆಟ್ ತೆಗೆಯಬೇಕು. ಈ ಏಪ್ರಿಲ್‌ನ ಒಂದು ಶನಿವಾರಕ್ಕೆ ತೆಗೆದೆ. ಅಮ್ಮ ವಾರದ ಮೊದಲೇ ಸೀರೆ ತೆಗೆದಿಟ್ಟಳು.

ಆ ಶನಿವಾರ ಬೆಳಗಾಗುತ್ತಲೇ ವಾಟ್ಸ್‌ಆ್ಯಪ್‌ನಲ್ಲಿ ರಾಮು ಮಾವನ ಮಗನ ಸಂದೇಶವಿತ್ತು. ರಾಮು ಮಾವ, ಅಮ್ಮನ ಒಬ್ಬನೇ ತಮ್ಮ, ರಾತ್ರಿ ಹೋಗಿಬಿಟ್ಟಿದ್ದ. ನಾನು ಫೋನ್ ಬೋರಲು ಹಾಕಿ, ಉಪ್ಪಿಟ್ಟಿಗೆ ರವೆ ಹುರಿದೆ. ಅಮ್ಮ ಸ್ನಾನ ಮುಗಿಸಿ, ಸೀರೆಯುಟ್ಟು ಬಂದು ತಿಂದಳು, ಮಾತ್ರೆ ತೆಗೆದುಕೊಂಡಳು. ನಾನು ಮೇಲೆ ಹೋಗಿ ಬಚ್ಚಲು ಸರಿಮಾಡಿ ಬಂದೆ. ದಾರಿಯುದ್ದಕ್ಕೂ ಅವಳು ಹಳೆಯ ಕಾರಿನ ಮಾತು, ಹಯಾಶಿಯವರ ಮಾತು ಆಡುತ್ತಿದ್ದಳು. ಹಾಡಲಿಲ್ಲ. ಪಾರ್ಕಿಂಗ್‌ನಿಂದ ಗುಡ್ಡದ ಬುಡದ ತನಕ ನನ್ನ ತೋಳು ಹಿಡಿದು ನಡೆದಳು. ಕಮಾನು ಹಾಗೇ ಇತ್ತು, ಬಣ್ಣ ಹೊಸದು. ಒಳಗೆ ತೊಟ್ಟಿಯ ಬಳಿ ಮಕ್ಕಳು ನೀರಾಡುತ್ತಿದ್ದರು. ಅಮ್ಮ ನಿಂತಳು, ನನ್ನ ತೋಳು ಬಿಟ್ಟಳು, ಮುಖ ನೋಡಿದಳು.

"ಏನಾದರೂ ಸುದ್ದಿ ಇದೆಯಾ? ಇದ್ದರೆ ಈಗಲೇ ಹೇಳು."

"ರಾಮು ಮಾವ ಹೋದ್ರಂತಮ್ಮ."

ಅವಳು ಕಮಾನಿನ ಕಂಬದ ಕಡೆ ಎತ್ತಿದ್ದ ಕೈಯನ್ನು ಇಳಿಸಿದಳು. ಪಕ್ಕದಲ್ಲಿ ಬೆಂಚಿತ್ತು, ಕೂತಳು. ಹಿಂದೆ ಬಂದವರು ನಮ್ಮನ್ನು ಬಳಸಿ ಒಳಗೆ ಹೋದರು.

"ಯಾವಾಗ ಗೊತ್ತಾಯ್ತು ನಿನಗೆ?"

"ಬೆಳಿಗ್ಗೆ."

"ತಿಂಡಿಗೆ ಮುಂಚೆನಾ, ಆಮೇಲಾ?"

"ಮುಂಚೆ."

"ಉಪ್ಪಿಟ್ಟು ತಿನ್ನಿಸಿದೆ ನನಗೆ."

"ಮಾತ್ರೆ ತಗೋಬೇಕಿತ್ತಲ್ಲಮ್ಮ. ಹೊಟ್ಟೆ ಖಾಲಿ ಇಟ್ಟು ತಗೊಳ್ಳೋ ಹಾಗಿಲ್ಲ."

"ಸರಿ. ನಾನು ಕೇಳದೇ ಇದ್ದಿದ್ರೆ ಎಲ್ಲಿ ಹೇಳಬೇಕು ಅಂತಿದ್ದೆ?"

ಅವಳಿಗೆ ಉತ್ತರ ಬೇಕಾಗಿರಲಿಲ್ಲ, ಆದರೂ ಬಿಡಲಿಲ್ಲ.

"ಬಚ್ಚಲಲ್ಲಾ?"

"ಶವರ್ ಕೆಳಗೆ ಸ್ಟೂಲ್ ಹಾಕಿ ಬಂದಿದೀನಿ. ನಿಂತ್ರೆ ಬಿದ್ದುಬಿಡ್ತೀಯ ಅಂತ."

ಅಮ್ಮ ನಕ್ಕಳು. ಪಕ್ಕದ ಮನೆಯ ನಾಯಿಯ ಮಾತು ಕೇಳಿ ನಕ್ಕ ಅದೇ ನಗು, ಹಲ್ಲು ಮಾತ್ರ ಬೇರೆ.

"ನಿಮ್ಮಜ್ಜಿ ಸಾಯಲೇ ಇಲ್ಲ ಕಣೇ ವಿಜಿ. ಅವರಾದರೂ ನಿಲ್ಲಿಸಿ ಹೇಳಿದ್ರು. ನೀನು ಸ್ಟೂಲ್ ಹಾಕಿದೀಯ."

ಅವಳು ನನ್ನ ಚೀಲದಿಂದ ನೀರಿನ ಬಾಟಲಿ ತೆಗೆದಳು. ಮುಚ್ಚಳ ಬಿಚ್ಚಲು ಬೆರಳಿಗೆ ಶಕ್ತಿ ಸಾಲಲಿಲ್ಲ. ನನ್ನ ಕಡೆ ಚಾಚಿದಳು. ನಾನು ಬಿಚ್ಚಿ ಕೊಟ್ಟೆ. ಎಲ್ಲರ ಎದುರಿಗೆ, ಆ ಏಪ್ರಿಲ್ ಚಳಿಯಲ್ಲಿ, ಅಷ್ಟೂ ನೀರನ್ನು ತನ್ನ ನೆತ್ತಿಯ ಮೇಲೆ ಸುರಿದುಕೊಂಡಳು. ಒಂದು ಮಗು ನಕ್ಕಿತು, ಅದರ ತಾಯಿ ಆರ್ ಯೂ ಓಕೆ ಎಂದು ಕೇಳಿದಳು. ಅಮ್ಮ ಅವಳಿಗೆ ಕೈಮುಗಿದಳು. ಆಮೇಲೆ ನನಗೆ ಹೇಳಿದಳು.

"ನಿನಗೆ ಒಂದು ಸ್ನಾನ ಸಾಕು, ಮಾಡಿಬಿಟ್ಟಿರ್ತೀಯ ಬೆಳಿಗ್ಗೆನೇ. ನೀನು ಹೋಗಿ ಬಾ. ಟಿಕೆಟ್ ದಂಡ ಆಗುತ್ತೆ."

ಹೌದು, ಮಾಡಿದ್ದೆ. ನಾನು ಕಮಾನಿನ ಕೆಳಗೆ ಹೋದೆ, ಎಡಗೈ, ಬಲಗೈ, ಬಾಯಿ ತೊಳೆದೆ, ಮೆಟ್ಟಿಲು ಹತ್ತಿ ಬಾಗಿದೆ, ಚಪ್ಪಾಳೆ ತಟ್ಟಿದೆ. ಅಮ್ಮ ಹೇಳಬೇಕೆಂದಿದ್ದ ಮಾತನ್ನು ಹೇಳಿದೆನೇ ಇಲ್ಲವೇ ಎಂದು ಅವಳು ಕೇಳಲಿಲ್ಲ. ಮುಂದಿನ ವರ್ಷ ಬರೋಣ ಎಂದು ನಾನು ಕಾರಿನಲ್ಲಿ ಹೇಳಿದಾಗ, ಹೂಂ ಎಂದು ಕಿಟಕಿಯ ಕಡೆ ತಿರುಗಿದಳು. ಊಟದ ಹೊತ್ತಿಗೆ ಸರಿಯಾಗಿ ಮನೆ ಸೇರಿದೆವು. ಅಮ್ಮ ಮೆಟ್ಟಿಲು ಹತ್ತಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರಿನ ಸದ್ದು ಬಂತು. ಬಹಳ ಹೊತ್ತಿನ ಮೇಲೆ ನಾನು ಒಳಗೆ ಹೋಗಿ ನೋಡಿದಾಗ ಅವಳು ಸ್ಟೂಲನ್ನು ಮೂಲೆಗೆ ಸರಿಸಿ, ಗೋಡೆಗೆ ಹಣೆ ಕೊಟ್ಟು, ನಿಂತೇ ಇದ್ದಳು. ನಾನು ನಲ್ಲಿ ನಿಲ್ಲಿಸಿ ಟವೆಲ್ ಚಾಚಿದೆ. ಅಂಚಿಗೆ ಅಂಚು ಕೂಡಿಸಿ ಮಡಚಿದ್ದ ಟವೆಲ್. ಅವಳು ಅದನ್ನು ಬಿಚ್ಚದೆ, ಮಡಚಿದ ಹಾಗೆಯೇ ಮುಖಕ್ಕೆ ಒತ್ತಿಕೊಂಡಳು.